ಪುಡಿ ಗಾಳಿಗೆ ಏಳುವ ಮುನ್ನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪೀಣ್ಯದಲ್ಲಿ ಕೆಲಸ ಸಿಕ್ಕಿದ ಸುದ್ದಿ ಓದಿ ಮನಸ್ಸು ತುಂಬಿತು. ವಿದ್ಯುತ್ ಹರಿಯುವ ಪ್ಲಾಸ್ಟಿಕ್ ತಯಾರಿಸುವ ಕಡೆ, ಅದಕ್ಕೆ ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿಸೂಕ್ಷ್ಮ ಕೊಳವೆಗಳ ಪುಡಿ, ಬೆರೆಸುತ್ತಾರೆ ಎಂದು ಬರೆದಿದ್ದೀಯ. ಕಾಲೇಜಿನಲ್ಲಿ ನಡೆದ ಚರ್ಚೆಯ ಸಂಗತಿಯನ್ನೂ ಬರೆದಿದ್ದೀಯ. ಒಬ್ಬರು ಇದು ನಾಳೆಯ ಕಲ್ನಾರು (ಆಸ್ಬೆಸ್ಟಾಸ್) ಅಂದರಂತೆ. ಇನ್ನೊಬ್ಬರು ಪೆನ್ಸಿಲ್ ಕಡ್ಡಿಯಲ್ಲಿರುವುದೂ ಇದೇ ಇಂಗಾಲ, ಹೆದರಬೇಡಿ ಅಂದರಂತೆ. ಯಾರನ್ನು ನಂಬಲಿ ಎಂದು ಕೇಳಿದ್ದೀಯಲ್ಲ, ಇಬ್ಬರನ್ನೂ ಅರ್ಧರ್ಧ ನಂಬಿ ನಡುದಾರಿ ಹಿಡಿಯಬೇಡ. ಇಬ್ಬರೂ ಹೆಸರು ಹಿಡಿದು ಜಗಳವಾಡಿದ್ದಾರೆ. ನೀನು ಕೇಳಬೇಕಾದದ್ದು ಬೇರೆ: ಕಣದ ಆಕಾರ ಯಾವುದು, ಅದು ಗಾಳಿಗೆ ಏಳುತ್ತದೆಯೇ, ಎದೆಯೊಳಗೆ ಎಷ್ಟು ಹೋಗುತ್ತದೆ. ಈ ಮೂರಕ್ಕೆ ಉತ್ತರ ಸಿಗದೆ ಆ ಪುಡಿಯ ಡಬ್ಬಿಯ ಮುಚ್ಚಳ ತೆಗೆಯಬೇಡ.

ಗಾತ್ರಕ್ಕೆ ಇಷ್ಟೊಂದು ಮಹತ್ವ ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ (ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು) ಅಂಚಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಭಾಷೆಯಲ್ಲಿ ಐದು ಮೂವತ್ತು-ನಲವತ್ತು ಸೈಟುಗಳಿಗಿಂತ ಹೆಚ್ಚು. ವಸ್ತು ಅಷ್ಟೇ, ತೂಕವೂ ಅಷ್ಟೇ, ಆದರೆ ಮೈಯ ಜೀವಕೋಶಕ್ಕೆ ತಾಗುವ ಜಾಗ ಹತ್ತು ಲಕ್ಷ ಪಟ್ಟು. ಅದಕ್ಕೇ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯಾಶ್ 2011ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯೊಂದಕ್ಕೇ ಎರಡು ಮಿತಿ ಹೇಳಿತು. ಸಾಮಾನ್ಯ ನುಣುಪಿನ ಪುಡಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 2.4 ಮಿಲಿಗ್ರಾಂ, ನ್ಯಾನೊ ಗಾತ್ರದ್ದಕ್ಕೆ 0.3 ಮಿಲಿಗ್ರಾಂ. ರಾಸಾಯನಿಕ ಸೂತ್ರ ಒಂದೇ, ಮಿತಿ ಎಂಟು ಪಟ್ಟು ಬಿಗಿ.

ನ್ಯಾನೊಟ್ಯೂಬಿನಲ್ಲಿ ಗಾತ್ರದ ಜೊತೆಗೆ ಆಕಾರದ ಪ್ರಶ್ನೆಯೂ ಇದೆ. ನಮ್ಮ ಶ್ವಾಸಕೋಶದಲ್ಲಿ ಹೊರಗಿನ ಕಣಗಳನ್ನು ನುಂಗಿ ಸಾಗಿಸುವ ಜೀವಕೋಶಗಳಿವೆ. ಅವುಗಳ ಗಾತ್ರವೇ ಸುಮಾರು 10ರಿಂದ 20 ಮೈಕ್ರೋಮೀಟರ್. ಅದಕ್ಕಿಂತ ಉದ್ದದ, ಬಾಗದ ಎಳೆ ಬಂದರೆ ಅವು ಅರ್ಧ ನುಂಗಿ ಸಿಕ್ಕಿಕೊಳ್ಳುತ್ತವೆ, ಉರಿಯೂತ ಆರುವುದೇ ಇಲ್ಲ. ಕಲ್ನಾರು ಕೊಲ್ಲುವ ದಾರಿಗಳಲ್ಲಿ ಇದು ಮುಖ್ಯವಾದದ್ದು. 2008ರಲ್ಲಿ ಎಡಿನ್‌ಬರೊದ ವಿಷವಿಜ್ಞಾನಿ ಕೆನ್ ಡೊನಾಲ್ಡ್‌ಸನ್ ತಂಡ ಇಲಿಗಳ ಹೊಟ್ಟೆಯ ಪೊರೆಯ ಒಳಗೆ ನ್ಯಾನೊಟ್ಯೂಬ್ ಚುಚ್ಚಿ ನೋಡಿತು. ಉದ್ದನೆಯ ನೆಟ್ಟಗಿನವು ಕಲ್ನಾರಿನಂತೆಯೇ ವರ್ತಿಸಿದವು. ಗಿಡ್ಡವು, ಸಿಕ್ಕು ಸಿಕ್ಕಾಗಿ ಉಂಡೆಗಟ್ಟಿದವು ಹಾಗೆ ಮಾಡಲಿಲ್ಲ. ಚರ್ಚೆಯಲ್ಲಿ ಈ ಪ್ರಯೋಗವನ್ನು ಹೇಳುವವರು ಎರಡನೆಯ ಭಾಗವನ್ನು ಬಿಡುತ್ತಾರೆ, ಚುಚ್ಚಿದ್ದು ಹೊರತು ಉಸಿರಾಡಿಸಿದ್ದಲ್ಲ ಎಂಬುದನ್ನೂ ಬಿಡುತ್ತಾರೆ. ನೀನು ಬಿಡಬೇಡ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಮ್‌ಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಮಾದರಿಯನ್ನು ಮಾತ್ರ ಕ್ಯಾನ್ಸರ್ ತರುವ ಸಾಧ್ಯತೆಯಿರುವ 2ಬಿ ಗುಂಪಿಗೆ ಸೇರಿಸಿತು. ಉಳಿದ ನ್ಯಾನೊಟ್ಯೂಬುಗಳ ಬಗ್ಗೆ ತೀರ್ಪು ಕೊಡಲು ಸಾಕ್ಷ್ಯ ಸಾಲದು ಎಂದಿತು. ಸಾಕ್ಷ್ಯ ಸಾಲದು ಅಂದರೆ ಸುರಕ್ಷಿತ ಅಂತಲ್ಲ. ಮೊದಲು ನಿಮ್ಮಲ್ಲಿ ಬರುವುದು ಎಷ್ಟು ಉದ್ದದ್ದು, ನೆಟ್ಟಗಿನದೋ ಸಿಕ್ಕುಗಟ್ಟಿದ್ದೋ, ಅದನ್ನು ಕೇಳು.

ಇನ್ನು ಆ ಪೆನ್ಸಿಲ್ ಕಡ್ಡಿಯ ಮಾತು. ಇದು ಚರ್ಚೆಯ ವೇದಿಕೆಯಲ್ಲಷ್ಟೇ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪುಡಿಯ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದಲ್ಲೂ ಅದೇ ಮಾತು ನುಸುಳಿರುತ್ತದೆ. ಆ ಪತ್ರದಲ್ಲಿ ಹದಿನಾರು ವಿಭಾಗಗಳಿರುತ್ತವೆ. ಎಂಟನೆಯದರಲ್ಲಿ ಗಾಳಿಯಲ್ಲಿ ಎಷ್ಟಿರಬಹುದು ಎಂಬ ಮಿತಿ ಇರುತ್ತದೆ. ಅನೇಕ ಮಾರಾಟಗಾರರು ಅಲ್ಲಿ ಪೆನ್ಸಿಲ್ ಕಡ್ಡಿಯ ಇಂಗಾಲವಾದ ಗ್ರಾಫೈಟಿನ ಮಿತಿಯನ್ನೇ ಬರೆದು ಕೈ ತೊಳೆದುಕೊಳ್ಳುತ್ತಾರೆ: ಘನ ಮೀಟರಿಗೆ 2 ಮಿಲಿಗ್ರಾಂ. ಆ ಮಿತಿ ಮಾಡಿದ ಅಮೆರಿಕದ ತಜ್ಞರ ಪಟ್ಟಿಯಲ್ಲೇ ‘ಎಳೆ ರೂಪದ್ದನ್ನು ಬಿಟ್ಟು’ ಎಂದಿದೆ, ಅದನ್ನು ಯಾರೂ ನಕಲು ಮಾಡುವುದಿಲ್ಲ. ನ್ಯಾನೊಟ್ಯೂಬಿಗೆ ನಿಯಾಶ್ 2013ರಲ್ಲಿ ಶಿಫಾರಸು ಮಾಡಿದ್ದು ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 1 ಮೈಕ್ರೋಗ್ರಾಂ. ಎರಡಕ್ಕೂ ನಡುವೆ ಎರಡು ಸಾವಿರ ಪಟ್ಟು ಅಂತರ. ದುಡಿಯುವ ಮನುಷ್ಯ ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾನೆ. ಒಂದು ಲೆಕ್ಕದಲ್ಲಿ ಅವನೊಳಗೆ ಹೋಗುವುದು 10 ಮೈಕ್ರೋಗ್ರಾಂ, ಇನ್ನೊಂದರಲ್ಲಿ 20 ಮಿಲಿಗ್ರಾಂ. ಆ 1 ಮೈಕ್ರೋಗ್ರಾಂ ಕೂಡ ಇದರ ಕೆಳಗೆ ಅಪಾಯವಿಲ್ಲ ಎಂಬ ಗೆರೆಯಲ್ಲ, ಅಳೆಯುವ ವಿಧಾನ ನೆಚ್ಚಿಕೆಯಿಂದ ಅಳೆಯಬಲ್ಲ ಕನಿಷ್ಠ ಮಟ್ಟ ಅಷ್ಟೇ.

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಶೆಡ್ಡಿನಲ್ಲಿ 400 ಘನ ಮೀಟರ್ ಗಾಳಿ ಇರುತ್ತದೆ. ಅದನ್ನೆಲ್ಲ ಮಿತಿಗೆ ಮುಟ್ಟಿಸಲು 0.4 ಮಿಲಿಗ್ರಾಂ ಪುಡಿ ತೇಲಿದರೆ ಸಾಕು. ಒಂದು ಸಾಸಿವೆ ಕಾಳು ಅದಕ್ಕಿಂತ ಹೆಚ್ಚು ತೂಗುತ್ತದೆ.

ಹಾಗಾದರೆ ಏನು ಮಾಡುವುದು? ಮೊದಲ ಉಪಾಯ ಮಾಸ್ಕ್ ಅಲ್ಲ, ಒಣ ಪುಡಿಯನ್ನು ಒಳಗೆ ತರಿಸದೇ ಇರುವುದು. ನ್ಯಾನೊಟ್ಯೂಬನ್ನು ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಹರಳು ಮಾಡಿದ ಮಾಸ್ಟರ್‌ಬ್ಯಾಚ್ ಸಿಗುತ್ತದೆ, ನೀರಿನಲ್ಲಿ ಕಲಸಿದ ಪೇಸ್ಟೂ ಸಿಗುತ್ತದೆ. ದುಬಾರಿ ಎನ್ನುತ್ತಾರೆ. ಗಾಳಿಯ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರಿನ ವ್ಯವಸ್ಥೆ, ಅದರ ನಿರ್ವಹಣೆ, ಗಾಳಿಯ ಪರೀಕ್ಷೆ ಇವುಗಳ ಖರ್ಚನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಲು ಹೇಳು.

ಪುಡಿಯೇ ಬೇಕು ಎಂದಾದರೆ, ಅದು ಎಷ್ಟು ಹಗುರ ಎಂಬುದು ನೋಡಿದ ಮೇಲೇ ಗೊತ್ತಾಗುವುದು. ಹಗುರ ಮಾದರಿಯ ಒಂದು ಕಿಲೊ ಹತ್ತು ಲೀಟರಿನ ಬಕೆಟ್ ತುಂಬುತ್ತದೆ. ಒಲೆಯ ಮಸಿಯ ಹಾಗೆ, ಪ್ಲಾಸ್ಟಿಕ್ ಚಮಚ ಹತ್ತಿರ ತಂದರೆ ಸ್ಥಾಯೀ ವಿದ್ಯುತ್ತಿಗೆ ಜಿಗಿದು ಅಂಟಿಕೊಳ್ಳುತ್ತದೆ, ಕೊಡವಿದರೆ ಹೊಗೆಯಂತೆ ಏಳುತ್ತದೆ. ಅದಕ್ಕೆ ಲೋಹದ ಚಮಚ ಬಳಸು. ತಕ್ಕಡಿಯನ್ನು ಫ್ಯೂಮ್ ಹುಡ್ಡಿನೊಳಗೆ, ಅಂದರೆ ಗಾಳಿಯನ್ನು ಒಳಕ್ಕೆ ಸೆಳೆಯುವ ಗೂಡಿನೊಳಗೆ, ಇಟ್ಟರೆ ಗಾಳಿಯ ಸೆಳೆತಕ್ಕೆ ಅಂಕಿ ಕುಣಿಯುತ್ತದೆ, ಆಗ ಎಲ್ಲರೂ ಹುಡ್ಡನ್ನು ಆರಿಸಿಬಿಡುತ್ತಾರೆ. ತಪ್ಪು ಆಗುವುದು ಅಲ್ಲೇ. ಮುಚ್ಚಳದ ಸಮೇತ ಖಾಲಿ ಬಾಟಲಿಯನ್ನು ಹೊರಗೆ ತೂಗು, ಹುಡ್ಡಿನೊಳಗೆ ಪುಡಿ ಹಾಕು, ಅಲ್ಲೇ ಮುಚ್ಚಿ ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ಆಮೇಲೆ ಹೊರಗೆ ತಂದು ಮತ್ತೆ ತೂಗು. ಹುಡ್ಡಿನ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.4ರಿಂದ 0.5 ಮೀಟರ್ ಇದ್ದರೆ ಸಾಕು. ಜೋರಾದಷ್ಟೂ ಒಳ್ಳೆಯದು ಎಂದು ಹೆಚ್ಚಿಸಿದರೆ ಸುಳಿ ಎದ್ದು ಪುಡಿ ನಿನ್ನ ಮುಖಕ್ಕೇ ಬರುತ್ತದೆ.

ನ್ಯಾನೊ ಕಣ ಫಿಲ್ಟರಿನ ತೂತಿಗಿಂತ ಚಿಕ್ಕದು, ತೂರಿಹೋಗುತ್ತದೆ ಎನ್ನುವವರೂ ಸಿಗುತ್ತಾರೆ. ಫಿಲ್ಟರ್ ಜರಡಿಯಲ್ಲ. ತೀರಾ ಸಣ್ಣ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಓಡಾಡುತ್ತಾ ಎಳೆಗೆ ಬಡಿದು ಅಂಟಿಕೊಳ್ಳುತ್ತದೆ. ಹಿಡಿಯಲು ಕಷ್ಟವಾದದ್ದು 0.3 ಮೈಕ್ರೋಮೀಟರಿನ ಆಸುಪಾಸಿನದು, ಹೆಪಾ ಫಿಲ್ಟರಿನ ಶೇ 99.97 ಎಂಬ ಅಂಕಿ ಆ ಗಾತ್ರಕ್ಕೇ ಕೊಟ್ಟದ್ದು. ಮಾಸ್ಕ್ ಸೋಲುವುದು ಮೂಗಿನ ಪಕ್ಕದ ಸಂದಿಯಲ್ಲಿ. ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸದೆ ಯಾವ ಮಾಸ್ಕನ್ನೂ ನೆಚ್ಚಬೇಡ.

ನನಗೆ ನಿನಗಿಂತ ಹೆಚ್ಚು ಕಳವಳ ಶೆಡ್ ಗುಡಿಸುವವರದು. ಚೀಲ ಬರಿದು ಮಾಡುವಾಗ, ಮಿಕ್ಸರಿನ ಒಳಮೈ ತೊಳೆಯುವಾಗ, ಫಿಲ್ಟರ್ ಬದಲಿಸುವಾಗಲೇ ಹೆಚ್ಚು ಪುಡಿ ಏಳುವುದು. ಆ ಕೆಲಸಗಳು ಬಹುಮಟ್ಟಿಗೆ ಗುತ್ತಿಗೆಯವರ ಪಾಲಿಗೆ ಬರುತ್ತವೆ, ಅವರ ಕೈಗೆ ಮಾಹಿತಿ ಪತ್ರ ಹೋಗುವುದಿಲ್ಲ. ಒಣ ಪೊರಕೆ, ಮನೆಯ ವ್ಯಾಕ್ಯೂಮ್ ಕ್ಲೀನರ್, ಗಾಳಿಯ ಪೈಪ್ ಮೂರನ್ನೂ ಆ ಕೋಣೆಯಿಂದ ಹೊರಗಿಡಿಸು. ಒದ್ದೆ ಬಟ್ಟೆ ಸಾಕು, ಆ ಬಟ್ಟೆಯೂ ಒಣಗುವ ಮುನ್ನ ಚೀಲಕ್ಕೆ ಸೇರಬೇಕು.

ಗಾಳಿಯ ಪರೀಕ್ಷೆ ಮಾಡಿಸುವಾಗ ಒಂದು ಸೂಕ್ಷ್ಮವಿದೆ. ನಿಯಾಶ್‌ನ 5040ನೇ ವಿಧಾನ ಅಳೆಯುವುದು ಧಾತುರೂಪದ ಇಂಗಾಲವನ್ನು. ಡೀಸೆಲ್ ಹೊಗೆಯ ಮಸಿಯೂ ಅದೇ. ಪೀಣ್ಯದ ರಸ್ತೆಯ ಲಾರಿಗಳೇ ಫಲಿತಾಂಶವನ್ನು ಏರಿಸಿಬಿಡಬಲ್ಲವು. ಹಾಗಾಗಿ ಅದೇ ದಿನ, ಅದೇ ಹೊತ್ತು ಶೆಡ್ಡಿನ ಹೊರಗೂ ಒಂದು ಮಾದರಿ ತೆಗೆಸಬೇಕು. ಹೊರಗಿನ ಅಂಕಿ ಇಲ್ಲದ ವರದಿಯಿಂದ ಹೆದರುವುದೂ ಬೇಡ, ಸಮಾಧಾನಪಡುವುದೂ ಬೇಡ.

ಈಗ ಕಾನೂನಿನ ಮಾತು. ನಮ್ಮಲ್ಲಿ ನ್ಯಾನೊ ವಸ್ತುಗಳಿಗೆಂದೇ ಮಾಡಿದ ಕಾಯ್ದೆ ಇಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಗೆ ಭೋಪಾಲ್ ದುರಂತದ ನಂತರ, 1987ರಲ್ಲಿ ಸೇರಿಸಿದ ಮಿತಿಗಳ ಪಟ್ಟಿಯಲ್ಲಿ ನ್ಯಾನೊಟ್ಯೂಬ್ ಇರಲಿಲ್ಲ. 2007ರಲ್ಲಿ ಕೇಂದ್ರ ಸರ್ಕಾರದ ನ್ಯಾನೊ ಮಿಷನ್ ಶುರುವಾದಾಗ ಐದು ವರ್ಷಕ್ಕೆ 1000 ಕೋಟಿ ರೂಪಾಯಿ ಇಟ್ಟರು, ಸಂಶೋಧನೆ ಬೆಳೆಯಿತು, ಸಂತೋಷ. ಆದರೆ ಔಷಧಕ್ಕೆ 2019ರಲ್ಲಿ, ಕೃಷಿ ಮತ್ತು ಆಹಾರಕ್ಕೆ 2020ರಲ್ಲಿ ಬಂದದ್ದು ಮಾರ್ಗಸೂಚಿಗಳು, ಕಾಯ್ದೆಯಲ್ಲ.

ಯುರೋಪಿನಲ್ಲಿ ಕಾನೂನು ಇದೆಯಲ್ಲ, ಅದನ್ನೇ ನಕಲು ಮಾಡೋಣ ಎನ್ನುವವರಿಗೆ ಅಲ್ಲಿಯ ಕಷ್ಟವನ್ನೂ ಹೇಳು. ಬ್ರಿಟನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಎಂಜಿನಿಯರಿಂಗ್ ಅಕಾಡೆಮಿ 2004ರಲ್ಲೇ ನ್ಯಾನೊ ರೂಪವನ್ನು ಹೊಸ ವಸ್ತುವೆಂದು ಪರಿಗಣಿಸಿ ಎಂದಿದ್ದವು. ಯುರೋಪಿನ ಸೌಂದರ್ಯವರ್ಧಕಗಳ ಲೇಬಲ್ಲಿನಲ್ಲಿ ‘ನ್ಯಾನೊ’ ಎಂಬ ಪದ ಕಡ್ಡಾಯವಾದದ್ದು 2013ರ ಜುಲೈಯಲ್ಲಿ. ಅಷ್ಟರಲ್ಲಿ ಯಾವುದನ್ನು ನ್ಯಾನೊ ಎನ್ನಬೇಕು ಎಂಬುದೇ ದೊಡ್ಡ ಜಗಳವಾಗಿತ್ತು. 2011ರಲ್ಲಿ ಯುರೋಪಿಯನ್ ಕಮಿಷನ್ ಒಂದು ವ್ಯಾಖ್ಯೆ ಕೊಟ್ಟಿತು: ಎಣಿಕೆಯಲ್ಲಿ ಶೇ 50 ಅಥವಾ ಹೆಚ್ಚು ಕಣಗಳು 1ರಿಂದ 100 ನ್ಯಾನೊಮೀಟರಿನ ಒಳಗಿದ್ದರೆ ನ್ಯಾನೊ. ಚ್ಯೂಯಿಂಗ್ ಗಮ್ಮಿಗೆ, ಮಿಠಾಯಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್, ಅವರ ಇ171, ಈ ಗೆರೆಯ ಕೆಳಗೇ ಉಳಿಯಿತು. ಅದರಲ್ಲಿ ನ್ಯಾನೊ ಕಣ ಇತ್ತು, ಆದರೆ ಸಾಮಾನ್ಯವಾಗಿ ಅರ್ಧ ಮುಟ್ಟುತ್ತಿರಲಿಲ್ಲ. ಫ್ರಾನ್ಸ್ 2020ರ ಜನವರಿಯಿಂದ ತಾನೇ ತಡೆಯಿತು. 2021ರ ಮೇಯಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಡಿಎನ್‌ಎಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು, 2022ರಲ್ಲಿ ನಿಷೇಧ ಬಂತು. ಅಮೆರಿಕದಲ್ಲಿ ಇವತ್ತಿಗೂ ಆಹಾರದ ತೂಕದ ಶೇ 1ರವರೆಗೆ ಹಾಕಬಹುದು. ಶೇಕಡಾವಾರು ಗೆರೆ ಎಳೆದ ಕಡೆಯಲ್ಲೆಲ್ಲ ಗೆರೆಯ ಕೆಳಗಿನದು ಪ್ರಶ್ನೆಯಿಲ್ಲದೆ ಒಳಬರುತ್ತದೆ, ನನ್ನ ತಕರಾರು ಅದೇ. ಫ್ರಾನ್ಸಿನ ಇನ್ನೊಂದು ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ. 2013ರಿಂದ ಅಲ್ಲಿ ವರ್ಷಕ್ಕೆ 100 ಗ್ರಾಂಗಿಂತ ಹೆಚ್ಚು ನ್ಯಾನೊ ವಸ್ತು ತಯಾರಿಸುವವರು, ತರಿಸುವವರು, ಹಂಚುವವರು ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಕರ್ನಾಟಕದ ಯಾವ ಶೆಡ್ಡಿನಲ್ಲಿ ಎಷ್ಟು ಕಿಲೊ ನ್ಯಾನೊಟ್ಯೂಬ್ ಇದೆ ಎಂದು ಕೇಳಿದರೆ ತೋರಿಸಲು ಅಂಥ ದಾಖಲೆ ನಮ್ಮಲ್ಲಿ ಬೇಕು. ಚರ್ಚೆಯಲ್ಲಿ ಒಂದೇ ಬೇಡಿಕೆ ಇಡಲು ಅವಕಾಶ ಸಿಕ್ಕರೆ ಇದನ್ನೇ ಇಡು.

ಹೆದರಿಸುವವರ ಪಕ್ಷಕ್ಕೂ ಒಂದು ಪಾಠವಿದೆ. 2006ರ ಮಾರ್ಚ್ ಕೊನೆಯಲ್ಲಿ ಜರ್ಮನಿಯಲ್ಲಿ ಮ್ಯಾಜಿಕ್ ನ್ಯಾನೊ ಎಂಬ ಸ್ಪ್ರೇ ಬಳಸಿದ ಸುಮಾರು ನೂರು ಜನಕ್ಕೆ ಉಸಿರಾಟದ ತೊಂದರೆಯಾಯಿತು, ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿತು. ನ್ಯಾನೊ ತಂತ್ರಜ್ಞಾನವನ್ನೇ ನಿಲ್ಲಿಸಿ ಎಂಬ ಕೂಗೆದ್ದಿತು. ಪರೀಕ್ಷಿಸಿದರೆ ಡಬ್ಬಿಯಲ್ಲಿ ನ್ಯಾನೊ ಕಣವೇ ಇರಲಿಲ್ಲ. ಗಾಜಿನ ಮೇಲೆ ಕೂರುವ ಪದರ ತೆಳುವೆಂದು ಆ ಹೆಸರು ಇಟ್ಟಿದ್ದರು. ಪಂಪ್ ಬಾಟಲಿಯಲ್ಲಿ ಮಾರಿದಾಗ ಆಗದ ತೊಂದರೆ ಏರೋಸಾಲ್ ಡಬ್ಬಿಯಲ್ಲಿ ಆಯಿತು, ಹನಿ ಅಷ್ಟು ಸಣ್ಣದಾಗಿ ಎದೆಯಾಳಕ್ಕೆ ಇಳಿಯಿತು. ಸನ್‌ಸ್ಕ್ರೀನಿನ ವಿಷಯದಲ್ಲಿ ಯುರೋಪು ಮಾಡಿದ್ದು ಇದಕ್ಕೇ ಹೊಂದುತ್ತದೆ. ನ್ಯಾನೊ ಟೈಟಾನಿಯಂ ಡೈಆಕ್ಸೈಡನ್ನು ಕ್ರೀಮಿನಲ್ಲಿ ಶೇ 25ರವರೆಗೆ ಬಿಟ್ಟರು, ಉಸಿರಿನಲ್ಲಿ ಹೋಗಬಹುದಾದ ಸ್ಪ್ರೇಗೆ ಬೇಡ ಎಂದರು. ನೀನು ಹಚ್ಚುವ ಕ್ರೀಮಿನ ಬಗ್ಗೆ ಚಿಂತೆ ಬಿಡು.

ಊರಿನಲ್ಲಿ ಯಾರಾದರೂ ನ್ಯಾನೊ ಎಂದರೆ ಕೇಳುವುದು ಎಲೆಗೆ ಸಿಂಪಡಿಸುವ ನ್ಯಾನೊ ಯೂರಿಯಾ ಗೊಬ್ಬರದ ಬಾಟಲಿಯನ್ನೇ. ಅದರಲ್ಲಿ ವಿಷದ ಮಾತಿಗಿಂತ ತೂಕದ ಮಾತು ದೊಡ್ಡದು. 2021ರ ಫೆಬ್ರವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದ, ಇಫ್ಕೊ ಎಂಬ ರಸಗೊಬ್ಬರ ಸಹಕಾರ ಸಂಸ್ಥೆಯ 500 ಮಿಲಿ ಬಾಟಲಿಯಲ್ಲಿ ಶೇ 4 ಸಾರಜನಕ, ಅಂದರೆ 20 ಗ್ರಾಂ. ಅದು ಸರಿಗಟ್ಟುತ್ತದೆ ಎಂದ ಸಾಮಾನ್ಯ ಯೂರಿಯಾದ 45 ಕಿಲೊ ಚೀಲದಲ್ಲಿ ಶೇ 46, ಅಂದರೆ 20.7 ಕಿಲೊ. ನಂತರದ ಶೇ 20ರ ಮಾದರಿಯಲ್ಲೂ 100 ಗ್ರಾಂ ಅಷ್ಟೇ. ಎಲೆ ಎಷ್ಟೇ ಚೆನ್ನಾಗಿ ಹೀರಿದರೂ ಇಲ್ಲದ್ದನ್ನು ಹೀರಲಾರದು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಹೊಲಗಳಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಇಳಿದದ್ದು ವರದಿಯಾಗಿದೆ. ನಿನ್ನ ಚಿಕ್ಕಪ್ಪ ಕೇಳಿದರೆ ಈ ಗುಣಾಕಾರ ಮಾಡಿ ತೋರಿಸು, ಬೇರೆ ವಾದ ಬೇಡ. ಸಿಂಪಡಿಸುವುದೇ ಆದರೆ ಗಾಳಿಗೆ ಬೆನ್ನು ಮಾಡಿ, ಮೂಗು ಮುಚ್ಚಿಕೊಂಡು ಸಿಂಪಡಿಸಲು ಹೇಳು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಆ ಪುಡಿಯ ಮಾಹಿತಿ ಪತ್ರವನ್ನು ಬರಹದಲ್ಲಿ ಕೇಳು, ಇಮೇಲ್ ಸಾಕು. ಮೂರನೆಯ, ಎಂಟನೆಯ, ಒಂಬತ್ತನೆಯ ವಿಭಾಗಗಳ ಫೋಟೊ ತೆಗೆದು ನನಗೆ ಕಳಿಸು. ಎಂಟರಲ್ಲಿ ಗ್ರಾಫೈಟ್ ಎಂದಿದ್ದರೆ ಕೂಡಲೇ ಫೋನ್ ಮಾಡು, ಮಾರಾಟಗಾರರಿಗೆ ಬರೆಯಬೇಕಾದ ಪತ್ರವನ್ನು ಇಬ್ಬರೂ ಕೂತು ಬರೆಯೋಣ.

ನಿನ್ನ ದೊಡ್ಡಮ್ಮ