ಮೊದಲು ಉಸಿರು ಬಿಡು ಮಾರಾಯಾ

ಪ್ರಿಯ ಗೆಳೆಯಾ,

ನಿನ್ನ ಉದ್ದದ ಮೆಸೇಜು ಓದಿದೆ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನೀನು ಅರ್ಧಕ್ಕೇ ಅಡಿಕೆ ದರದ ಸುದ್ದಿಗೆ ಹಾರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎದೆ ಬಿಗಿದ ಹಾಗಾದಾಗ ಓಮ ತಿಂದು ಮಲಗದೆ ಡಾಕ್ಟರ ಹತ್ತಿರ ಹೋದೆಯಲ್ಲ, ಒಳ್ಳೆಯದಾಯಿತು. ಇಸಿಜಿ ಸರಿ ಇದೆ, ಬಿಪಿ ಸ್ವಲ್ಪ ಜಾಸ್ತಿ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದರಂತೆ. ಹೇಗೆ ಅಂತ ಅವರೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ಹೊರಗೆ ಅಷ್ಟು ಜನ ಚೀಟಿ ಹಿಡಿದು ಕಾಯುತ್ತಿರುವಾಗ ಅವರಾದರೂ ಎಷ್ಟು ಹೇಳಿಯಾರು, ಬಿಡು.

ನಿನ್ನ ಚಿಂತೆ ಸುಳ್ಳಲ್ಲ. ಅಡಿಕೆ ತೋಟಕ್ಕೆ ಒಂದು ಕಡೆ ಎಲೆಚುಕ್ಕಿ ರೋಗ, ಇನ್ನೊಂದು ಕಡೆ ಕೊಳೆರೋಗ. ಮಳೆ ಹೊಳವಾದ ದಿನ ಮದ್ದು ಹೊಡೆಸಬೇಕು, ಅದೇ ದಿನ ಮರ ಹತ್ತುವ ಕೊನೆಗೌಡ ಕೈಗೆ ಸಿಗುವುದಿಲ್ಲ. ಮೇಲಿಂದ ಸೊಸೈಟಿ ಸಾಲ, ಮಗಳ ಕಾಲೇಜು ಫೀಸು. ಮೂಗು ಹಿಡಿದು ಕೂತರೆ ಇವು ಯಾವುದೂ ಕರಗುವುದಿಲ್ಲ. ಪ್ರಾಣಾಯಾಮದಿಂದ ಎಲ್ಲ ರೋಗ ವಾಸಿ, ಎಲ್ಲ ಕಷ್ಟ ದೂರ ಅನ್ನುವವರನ್ನು ಕಂಡರೆ ನನಗೂ ಅಷ್ಟಕ್ಕಷ್ಟೇ. ಆದರೆ ರಾತ್ರಿ ಮೂರಕ್ಕೆ ಎಚ್ಚರಾಗಿ, ಹಂಚಿನ ಮೇಲಿನ ಮಳೆ ಕೇಳುತ್ತಾ, ಯಾವ ಮರದ ಅಡಿಕೆ ಕೊನೆ ಉದುರಿತೋ ಎಂದು ಲೆಕ್ಕ ಹಾಕುತ್ತಾ ಬೆಳಗು ಮಾಡುತ್ತೀಯಲ್ಲ, ಆ ಒಂದಕ್ಕೆ ಖಂಡಿತ ಏನಾದರೂ ಮಾಡಬಹುದು.

ಮೊದಲು ಆ ಕಪಾಲಭಾತಿ, ಹೊಟ್ಟೆ ಎಳೆದು ಬೇಗ ಬೇಗ ಉಸಿರು ಹೊರಗೆ ತಳ್ಳುವುದು, ಅದನ್ನು ನಿಲ್ಲಿಸು. ಟಿವಿ ನೋಡಿ ಶುರು ಮಾಡಿದೆ, ತಲೆ ತಿರುಗಿತು ಅಂತ ಬರೆದಿದ್ದೀಯ. ತಿರುಗದೆ ಇನ್ನೇನು! ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗ ಗ್ರಂಥದಲ್ಲಿ ಅದನ್ನು ಪ್ರಾಣಾಯಾಮಗಳ ಸಾಲಿನಲ್ಲಿ ಇಟ್ಟೇ ಇಲ್ಲ. ಧೌತಿ, ನೇತಿ ಇವುಗಳ ಜೊತೆ ಷಟ್ಕರ್ಮದಲ್ಲಿ ಹೇಳಿದ್ದಾರೆ, ಅಂದರೆ ದೇಹ ತೊಳೆಯುವ ಕೆಲಸಗಳಲ್ಲಿ ಅದೂ ಒಂದು. ಬಿಪಿ ಜಾಸ್ತಿ ಇದ್ದವರು, ಹರ್ನಿಯಾ ಇದ್ದವರು, ಬಸುರಿಯರು ಅದನ್ನು ಮಾಡಬಾರದು. ಟಿವಿಯವರು ಇದನ್ನು ಕೊನೆಗೆ ಗಡಿಬಿಡಿಯಲ್ಲಿ ಹೇಳುತ್ತಾರೆ. ಅಷ್ಟೊತ್ತಿಗೆ ನೋಡುವವರು ಅರ್ಧ ಮಾಡಿ ಮುಗಿಸಿರುತ್ತಾರೆ.

ತಲೆ ತಿರುಗಿದ್ದಕ್ಕೆ ಕಾರಣ ಸರಳ. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ತುಟಿಯ ಸುತ್ತ ಜೋಮು ಹಿಡಿಯುತ್ತದೆ. ದೇವಿಮನೆ ಘಟ್ಟದಲ್ಲಿ ಗಾಡಿ ನಿಲ್ಲಿಸಿ "ಕೈಯೆಲ್ಲ ಜುಮ್ ಅಂತು, ಹಾರ್ಟ್ ಅಟ್ಯಾಕ್ ಅಂತಲೇ ಗಟ್ಟಿ ಮಾಡಿಕೊಂಡೆ" ಅಂದೆಯಲ್ಲ, ಅದೂ ಇದೇ ಇದ್ದೀತು. ಗಾಬರಿಯಾದಾಗ ನಾವು ಮೇಲೆದೆಯಲ್ಲೇ ಸಣ್ಣ ಸಣ್ಣ ಉಸಿರು ಎಳೆಯುತ್ತೇವೆ. ಕೈ ಜುಮ್ಮೆಂದದ್ದು ಕಂಡು ಗಾಬರಿ ಇನ್ನೂ ಏರುತ್ತದೆ. ಪಕ್ಕದಲ್ಲಿದ್ದವರು "ಜೋರಾಗಿ ಉಸಿರು ತಗೋ" ಅನ್ನುತ್ತಾರೆ. ತೊಂದರೆಯೇ ಅದು. ತಗೊಂಡಿದ್ದು ಆಗಲೇ ಜಾಸ್ತಿಯಾಗಿದೆ. ಈಗ ಬಿಡಬೇಕು.

ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಹೊರಗೆ ಹೋಗುವ ಉಸಿರು ಒಳಗೆ ಬರುವ ಉಸಿರಿಗಿಂತ ಉದ್ದ ಇರಲಿ.

ನಂಬಿಕೆ ಬರದಿದ್ದರೆ ಈಗಲೇ ನೋಡು. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿ. ನಿಧಾನಕ್ಕೆ ಉಸಿರು ಎಳೆದುಕೋ, ಬಡಿತ ತುಸು ಚುರುಕಾಗುತ್ತದೆ. ಎಳೆದದ್ದಕ್ಕಿಂತ ನಿಧಾನವಾಗಿ ಬಿಡು, ಬಡಿತದ ನಡುವಿನ ಅಂತರ ಹಿಗ್ಗುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದಂತೆ, ಆದರೂ ನಮ್ಮ ಪ್ರಾಯಕ್ಕೆ ಗಮನ ಕೊಟ್ಟರೆ ಸಿಗುತ್ತದೆ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ವೇಗಸ್ ಅನ್ನುವ ನರ ಇದೆ. ಹೃದಯಕ್ಕೆ "ನಿಧಾನ, ನಿಧಾನ" ಅನ್ನುವುದು ಅದರ ಕೆಲಸ. ಉಸಿರು ಬಿಡುವಾಗ ಅದರ ಮಾತು ಹೆಚ್ಚು ನಡೆಯುತ್ತದೆ. ಹೃದಯಕ್ಕೆ ನಾವು ನೇರವಾಗಿ ಹೇಳಿದರೆ ಅದು ಕೇಳುವುದಿಲ್ಲ. ಉಸಿರು ಹಾಗಲ್ಲ, ತನ್ನಷ್ಟಕ್ಕೇ ನಡೆಯುತ್ತದೆ, ನಾವು ಹೇಳಿದರೂ ಕೇಳುತ್ತದೆ.

ಲೆಕ್ಕವೂ ಸುಲಭ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆದುಕೋ, ಆರು ಎಣಿಸುತ್ತಾ ಬಿಡು. ಒಂದೊಂದು ಎಣಿಕೆಗೆ ಒಂದು ಸೆಕೆಂಡ್ ಹಿಡಿದರೆ ನಿಮಿಷಕ್ಕೆ 6 ಉಸಿರಾಯಿತು. ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೋ. ಎಳೆದಾಗ ಅಂಗೈ ಮೇಲೇಳಬೇಕು, ಹೆಗಲು ಏಳಬಾರದು. ಆರು ಕಷ್ಟವಾದರೆ ಐದು ಸಾಕು. ಉಸಿರು ಕಟ್ಟಿ ಹಿಡಿಯುವುದು, ಕುಂಭಕ ಅಂತಾರಲ್ಲ, ಅದರ ಗೋಜಿಗೆ ಹೋಗಬೇಡ. ಬಿಪಿ ಇರುವವನಿಗೆ ಅದು ಬೇಡ.

ನಾನು ಇದನ್ನು ಜಾಸ್ತಿ ಮಾಡುವುದು ಎಲ್ಲಿ ಗೊತ್ತಾ? ಬಸ್ಸಿನಲ್ಲಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತಲ್ಲ, ಆಮೇಲೆ ಮಳೆಗಾಲದಲ್ಲಿ ಕುಮಟಾಕ್ಕೆ ಹೋಗುವಾಗ ಅಂಕೋಲಾ ದಾಟಿದರೆ ಸಾಕು, ಬಸ್ಸಿನಲ್ಲಿ ಮಾತು ನಿಲ್ಲುತ್ತದೆ. ಒಂದು ಕಡೆ ಕಡಿದ ಕೆಂಪು ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ಕಣ್ಣು ಮುಚ್ಚಬೇಕಾಗಿಲ್ಲ, ಪದ್ಮಾಸನ ಬೇಡ, ಪಕ್ಕದವನಿಗೆ ಗೊತ್ತೂ ಆಗುವುದಿಲ್ಲ. ನಾಲ್ಕು, ಆರು, ನಾಲ್ಕು, ಆರು. ಹೆದರಿಕೆ ಪೂರ್ತಿ ಹೋಗುತ್ತದೆ ಅನ್ನಲಾರೆ, ಹೋಗಲೂಬಾರದು. ಮುಷ್ಟಿ ಬಿಚ್ಚುತ್ತದೆ, ಅಷ್ಟು ಸಾಕು.

ಮನೆಯಲ್ಲಿ ಪುರುಸೊತ್ತಿದ್ದಾಗ ನಾಡಿಶೋಧನ ಮಾಡು. ನಿನಗೇನು ಹೊಸದಲ್ಲ. ರಜೆಯಲ್ಲಿ ನಿಮ್ಮನೆಗೆ ಬಂದಾಗ ನೋಡುತ್ತಿದ್ದೆನಲ್ಲ. ನಿಮ್ಮ ಅಜ್ಜ ಜಗಲಿಯ ಮಣೆಯ ಮೇಲೆ ಸಂಧ್ಯಾವಂದನೆಗೆ ಕೂತರೆ ಹೊಟ್ಟೆ ಏಳುವುದು, ಇಳಿಯುವುದು ಬಿಟ್ಟು ಬೇರೆ ಏನೂ ಅಲ್ಲಾಡುತ್ತಿರಲಿಲ್ಲ. ಆಗಷ್ಟೇ ಉಪನಯನ ಆಗಿದ್ದ ನೀನು ಪಕ್ಕದಲ್ಲಿ ಕೂತು ಮೂಗು ಮುಟ್ಟಿದ ಶಾಸ್ತ್ರ ಮಾಡಿ, ಆಯಿ ತೆಳ್ಳೇವು ದೋಸೆ ಎರೆಯುವ ಸದ್ದಿನ ಕಡೆ ಕಿವಿ ಇಟ್ಟಿರುತ್ತಿದ್ದೆ. ಮಂತ್ರ ಹೇಳುವುದು ಬಿಡುವುದು ನಿನ್ನಿಷ್ಟ, ಕೈ ಮಾತ್ರ ಅಜ್ಜನದ್ದೇ ಇರಲಿ. ಬಲಗೈಯ ತೋರುಬೆರಳು, ನಡುಬೆರಳು ಅಂಗೈಗೆ ಮಡಚು. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಎಳೆ. ಉಂಗುರಬೆರಳಿನಿಂದ ಎಡ ಮುಚ್ಚಿ ಬಲದಿಂದ ಬಿಡು. ಬಲದಿಂದಲೇ ಎಳೆದು ಎಡದಿಂದ ಬಿಡು. ಅಲ್ಲಿಗೆ ಒಂದು ಸುತ್ತು. ಹೊಳ್ಳೆಯನ್ನು ಮೆಲ್ಲಗೆ ಮುಚ್ಚಿದರೆ ಸಾಕು, ಒತ್ತಿ ಹಿಂಡಬೇಡ. ಮಳೆಗಾಲದ ನೆಗಡಿಯಿಂದ ಮೂಗು ಕಟ್ಟಿದ ದಿನ ಸುಮ್ಮನೆ ಬಿಟ್ಟುಬಿಡು, ಕುಸ್ತಿ ಮಾಡಬೇಡ. ಊಟ ಮಾಡಿದ ಕೂಡಲೇ ಬೇಡ.

ರಾತ್ರಿ ಮೂರರ ಎಚ್ಚರಕ್ಕೆ ಮಾತ್ರ ನಾನು ಭ್ರಾಮರಿಯನ್ನೇ ಹೇಳುತ್ತೇನೆ. ಹೆಬ್ಬೆರಳಿನಿಂದ ಕಿವಿ ಮುಚ್ಚಿ, ತುಟಿ ಕೂಡಿಸಿ, ಹಲ್ಲು ಕಚ್ಚದೆ, ಉಸಿರು ಬಿಡುತ್ತಾ "ಮ್" ಎಂದು ಗುಂಯ್‌ಗುಡಬೇಕು. ಸದ್ದು ಸಣ್ಣಗಿರಲಿ, ಒಂದೇ ಮಟ್ಟದಲ್ಲಿರಲಿ. ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟವನಿಗೆ ಆ ಸದ್ದು ಹೇಗಿರಬೇಕು ಅಂತ ನಾನು ಹೇಳಬೇಕಾ? ಹಾಂ, ಪೆಟ್ಟಿಗೆ ತೆರೆಯುವಾಗ ನಿನ್ನನ್ನೇ ಗಮನಿಸು. ಉಸಿರು ತಾಗಿದರೆ ಹುಳ ಕೆರಳುತ್ತವೆ ಅಂತ ಮುಖ ಆಚೆ ತಿರುಗಿಸಿ ಎಷ್ಟು ನಿಧಾನ ಬಿಡುತ್ತೀಯ! ಸಾಲದ ನೋಟಿಸು ತೆರೆಯುವಾಗಲೂ ಹಾಗೇ ಮಾಡಬಹುದಲ್ವಾ?

ಈ ಗುಂಯ್‌ಗುಡುವಿಕೆಯ ಬಗ್ಗೆ ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಒಂದು ವಿಷಯ ಪ್ರಕಟಿಸಿದ್ದಾರೆ. ಸುಮ್ಮನೆ ಉಸಿರು ಬಿಡುವುದಕ್ಕಿಂತ ಗುಂಯ್‌ಗುಡುತ್ತಾ ಬಿಟ್ಟರೆ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಸುಮಾರು 15 ಪಟ್ಟು ಹೆಚ್ಚುತ್ತದಂತೆ. ವಾಟ್ಸಾಪಿನಲ್ಲಿ ಇದನ್ನೇ ಹಿಡಿದು ಏನೇನೋ ಹಬ್ಬಿಸುತ್ತಾರೆ. ಅದು ಸೈನಸ್‌ನಲ್ಲಿ, ಅಂದರೆ ಮೂಗಿನ ಸುತ್ತಲ ಎಲುಬಿನ ಟೊಳ್ಳುಗಳಲ್ಲಿ, ಗಾಳಿಯಾಡುವ ಸಂಗತಿ, ನಿದ್ದೆಗೂ ಅದಕ್ಕೂ ನೇರ ನಂಟು ಹೇಳಲಾಗದು. ನನ್ನ ಪ್ರಕಾರ ಭ್ರಾಮರಿ ಕೆಲಸ ಮಾಡುವುದು ಬೇರೆ ಕಾರಣಕ್ಕೆ. ಸದ್ದು ಎಳೆಯಬೇಕಾದರೆ ಉಸಿರು ತಾನಾಗಿಯೇ ಉದ್ದವಾಗುತ್ತದೆ, ಎಣಿಸುವ ಕೆಲಸವೇ ಇಲ್ಲ. ತಲೆಯೊಳಗೆ ಆ ಸದ್ದು ತುಂಬಿದಾಗ ಎಲೆಚುಕ್ಕಿಯ ಯೋಚನೆಗೆ ಜಾಗ ಸಾಲುವುದಿಲ್ಲ. ಅತ್ತಿಗೆಗೆ ಮೊದಲೇ ಹೇಳಿರು. ಕತ್ತಲಲ್ಲಿ ಗಂಡ ಕಿವಿ ಮುಚ್ಚಿಕೊಂಡು ಗುಂಯ್‌ಗುಟ್ಟಿದರೆ ಅವರಿಗೆ ಎದೆ ಡವಡವ ಶುರುವಾದೀತು.

ಗೋಕರ್ಣಕ್ಕೆ ಹೋಗಿ ಕಲಿಯಲಾ ಅಂತ ಕೇಳಿದ್ದೀಯ. ಕುಡ್ಲೆ, ಓಂ ಬೀಚಿನ ಕಡೆ ಕಲಿಸುವವರಿದ್ದಾರೆ. ಚೆನ್ನಾಗಿ ಕಲಿಸುವವರೂ ಇದ್ದಾರೆ, ಬರೀ ಚಾಪೆಗೆ ದುಡ್ಡು ಕೀಳುವವರೂ ಇದ್ದಾರೆ. ನಿನಗೆ ಅಷ್ಟು ದೂರ ಬೇಡ. ಶಿರಸಿಯಲ್ಲೇ ಯಾರಾದರೂ ತಿಳಿದವರ ಮುಂದೆ ಒಮ್ಮೆ ಕೂತು ಕೈ, ಹೊಟ್ಟೆ ಸರಿ ಇದೆಯಾ ಅಂತ ತೋರಿಸಿಕೋ, ಸಾಕು. ಜೂನ್ 21ರ ಯೋಗ ದಿನಕ್ಕೆ ಕಾಯಬೇಡ. ಆ ತಾರೀಖು ಇಟ್ಟವರಿಗೆ ನಮ್ಮ ಜಿಲ್ಲೆಯ ಮಳೆ ನೆನಪಾದ ಹಾಗಿಲ್ಲ. ಆ ದಿನ ಸಭಾಭವನದಲ್ಲಿ ಒದ್ದೆ ಕೊಡೆಗಳ ನಡುವೆ ಕೈ ಚಾಚಲೂ ಜಾಗ ಇರುವುದಿಲ್ಲ.

ಎರಡು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಬಿಪಿ ಮಾತ್ರೆ ಕೊಟ್ಟಿದ್ದರೆ ನುಂಗು, ಪ್ರಾಣಾಯಾಮ ಶುರುವಾಯಿತು ಅಂತ ನೀನೇ ನಿಲ್ಲಿಸಬೇಡ. ಎದೆನೋವು ಎಡಗೈಗೋ ದವಡೆಗೋ ಹರಿದರೆ, ಬೆವರು ಕಿತ್ತರೆ, ಉಸಿರು ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಓಡು. ಇಷ್ಟು ಮಾಡಿಯೂ ನಿದ್ದೆ ಬಾರದೆ, ತೋಟಕ್ಕೆ ಇಳಿಯಲೂ ಮನಸ್ಸಿಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮರ್ಯಾದೆ ಪ್ರಶ್ನೆ ಎಲ್ಲ ಇಲ್ಲಿ ತರಬೇಡ.

ಇನ್ನು ಆ ಸಾಲದ ಕಂತಿನ ವಿಷಯ. ಮುಂದಿನ ವಾರ ಶಿರಸಿಗೆ ಬರುತ್ತಿದ್ದೇನೆ. ಸೊಸೈಟಿಗೆ ಇಬ್ಬರೂ ಒಟ್ಟಿಗೆ ಹೋಗಿ ಮಾತಾಡೋಣ. ಪಾಸ್‌ಬುಕ್ಕು, ಪಹಣಿ ತೆಗೆದಿಟ್ಟಿರು. ಒಳಗೆ ಕಾಲಿಡುವ ಮೊದಲು ಒಂದಿಷ್ಟು ಉದ್ದ ಉಸಿರು ಬಿಡೋಣ, ಮಾತು ನಾನು ಶುರು ಮಾಡುತ್ತೇನೆ.

ಆಯಿಗೆ ನಮಸ್ಕಾರ ಹೇಳು.

ನಿನ್ನ
ಕಾರವಾರದ ಗೆಳೆಯ