ಮೂಳೆಯ ಚೀಟಿ ಒಂದು ಕವರಿನಲ್ಲಿ, ಮರೆವಿನ ಚೀಟಿ ಇನ್ನೊಂದರಲ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೂಳೆ ಸವೆದವರಿಗೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಎಂಬ ಸುದ್ದಿ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಬಂದ ಮರುದಿನವೇ ಅದರ ಬಿಸಿ ನನ್ನ ಅಂಗಡಿಗೆ ತಟ್ಟುತ್ತದೆ. ತಿಪಟೂರಿನಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಸ್ಟೋರ್. ಡಿ.ಫಾರ್ಮಾ ಓದಿದ್ದೆ, ಮದುವೆಯಾದ ಮೇಲೆ ಹಾಕಿದ ಅಂಗಡಿ, ಈಗ ನನಗೂ ಐವತ್ತು ದಾಟಿದೆ. ಸುದ್ದಿ ಓದಿ ಬಂದವರು ಕೇಳುವುದು ಒಂದೇ. “ಅಕ್ಕಾ, ಆ ಮೂಳೆ ಪುಡಿ ಕೊಡಿ, ಹಾಲಿಗೆ ಹಾಕ್ಕೊಂಡು ಕುಡಿಯೋದು. ನಂಗೂ ಇತ್ತೀಚೆಗೆ ಮರೆವು ಜಾಸ್ತಿ ಆಗಿದೆ.” ಮೂಳೆ ಪುಡಿ ಅಂದರೆ 60,000 ಯೂನಿಟ್ಟಿನ ವಿಟಮಿನ್ ಡಿ ಸ್ಯಾಚೆ. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವವರೆಲ್ಲ ಅದನ್ನು ಕೊಂಡರೆ ನನಗೆ ವ್ಯಾಪಾರವೇ. ಆದರೆ ಆ ಸಂಶೋಧನೆ ಹೇಳಿದ್ದು ಪುಡಿ ಕುಡಿಯಿರಿ ಅಂತಲ್ಲ. ಅದಕ್ಕೇ ಈ ಪತ್ರ.

ಈ ಸುದ್ದಿಗಳ ಬುಡದಲ್ಲಿ ಹೆಚ್ಚಾಗಿ ಇರುವುದು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನ. ಆ ಊರಿನ ಒಂದು ಬಡಾವಣೆಯ ಜನರ ಆರೋಗ್ಯವನ್ನು ಅಲ್ಲಿನ ವೈದ್ಯರು 1990ರಿಂದ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಅದರ ಒಂದು ಭಾಗ 2023ರಲ್ಲಿ ‘ನ್ಯೂರಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 3,651 ಜನ, ಸರಾಸರಿ ವಯಸ್ಸು 72. ಶುರುವಿನಲ್ಲಿ ಯಾರಿಗೂ ಮರೆವಿನ ಕಾಯಿಲೆ ಇರಲಿಲ್ಲ. ಮೂಳೆ ಎಷ್ಟು ಗಟ್ಟಿ ಅಂತ ಡೆಕ್ಸಾ ಯಂತ್ರದಲ್ಲಿ ಅಳೆದು ಅವರನ್ನು ಮೂರು ಗುಂಪು ಮಾಡಿದರು. ಮೂಳೆ ತೀರಾ ತೆಳುವಾಗಿದ್ದ ಗುಂಪಿನ 1,211 ಜನರಲ್ಲಿ ಹತ್ತು ವರ್ಷದೊಳಗೆ 90 ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂತು. ಮೂಳೆ ಗಟ್ಟಿಯಿದ್ದ ಗುಂಪಿನಲ್ಲೂ 1,211 ಜನ. ಅವರಲ್ಲಿ 57 ಮಂದಿಗೆ. ವಯಸ್ಸು, ಬೇರೆ ಕಾಯಿಲೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಶೇ 42ರಷ್ಟು ಹೆಚ್ಚು ಅಂತ ತೀರ್ಮಾನಿಸಿದರು. ತಲೆಬರಹಕ್ಕೆ ಹೋಗಿದ್ದು ಈ 42.

ದಿನವಿಡೀ ಚಿಲ್ಲರೆ ಎಣಿಸುವ ನನಗೆ ಇನ್ನೊಂದು ಲೆಕ್ಕವೂ ಕಾಣುತ್ತದೆ. ಮೂಳೆ ತೆಳುವಾಗಿದ್ದ ಆ ಗುಂಪಿನಲ್ಲೇ 1,121 ಜನರಿಗೆ ಹತ್ತು ವರ್ಷದಲ್ಲಿ ಆ ಕಾಯಿಲೆ ಬರಲಿಲ್ಲ. (ಅವರಲ್ಲಿ ಕೆಲವರು ಬೇರೆ ಕಾರಣಕ್ಕೆ ತೀರಿಕೊಂಡಿರಬಹುದು, ವಯಸ್ಸೇ ಅಂಥದ್ದು.) ಇದನ್ನೂ ಒಂದು ಸಾಲು ಬರೆದರೆ ಓದಿದವರ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

ಇನ್ನೂ ಒಂದು ವಿಷಯವಿದೆ. ಈ ನಂಟು ಬಿಗಿಯಾಗಿ ಕಂಡದ್ದು ಮೂಳೆ ಅಳೆದ ನಂತರದ ಮೊದಮೊದಲ ವರ್ಷಗಳಲ್ಲಿ. ಅಂದರೆ ಮೂಳೆ ಸವೆದು ಮರೆವು ಬಂತು ಅಂತಲೇ ಹೇಳಲಾಗದು. ಮರೆವು ಒಳಗೊಳಗೇ ಶುರುವಾಗಿ, ಊಟ ಕಮ್ಮಿಯಾಗಿ, ಓಡಾಟ ನಿಂತು, ಅದರಿಂದಲೇ ಮೂಳೆ ಸವೆದಿರಬಹುದು. ಸಂಶೋಧಕರೇ ಈ ಮಾತು ಹೇಳಿದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನದಿಂದ 2005ರಲ್ಲೇ ಇಂಥದ್ದೊಂದು ವರದಿ ಬಂದಿತ್ತು. ತೊಡೆಯ ಮೂಳೆಯ ಕುತ್ತಿಗೆ ತೀರಾ ತೆಳುವಾಗಿದ್ದ ಹೆಂಗಸರಲ್ಲಿ ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆಯ ಸಾಧ್ಯತೆ ಹೆಚ್ಚುಕಮ್ಮಿ ಎರಡರಷ್ಟು. ಗಂಡಸರಲ್ಲಿ ಆ ನಂಟು ಕಾಣಲಿಲ್ಲ. ಹೆಂಗಸರ ಹಾರ್ಮೋನಾದ ಈಸ್ಟ್ರೋಜನ್ನಿಗೆ ಇದರಲ್ಲಿ ಕೈವಾಡ ಇರಬಹುದು ಅನ್ನುವ ಊಹೆ ಆಗಿನಿಂದಲೂ ಇದೆ.

ಇನ್ನು ಪುಡಿಯ ಮಾತು. ಅಮೆರಿಕದಲ್ಲಿ 25,871 ಜನರನ್ನು ಸೇರಿಸಿಕೊಂಡು ವಿಟಮಿನ್ ಡಿ ಪರೀಕ್ಷೆ ಮಾಡಿದರು. ಅದರ ಹೆಸರು ವೈಟಲ್. ಮೈಯಲ್ಲಿ ಕೊರತೆ ಇದೆಯೋ ಇಲ್ಲವೋ ನೋಡದೆ ಅರ್ಧದಷ್ಟು ಜನರಿಗೆ ದಿನಕ್ಕೆ 2,000 ಯೂನಿಟ್ ಕೊಟ್ಟರು. ಮೂಳೆ ಮುರಿಯುವುದೇನೂ ಕಮ್ಮಿಯಾಗಲಿಲ್ಲ ಅಂತ 2022ರಲ್ಲಿ ಫಲಿತಾಂಶ ಬಂತು. ಕೊರತೆ ಇದ್ದವರ ಮಾತು ಬೇರೆ, ಅವರಿಗೆ ಡಾಕ್ಟರು ಕೊಟ್ಟೇ ಕೊಡಬೇಕು. ಎಲ್ಲರೂ ಸುಮ್ನೆ ಕುಡಿಯುವುದರಿಂದ ಮೂಳೆಗೇ ಲಾಭವಿಲ್ಲ ಅಂದಮೇಲೆ ಮೆದುಳಿಗೆ ಎಲ್ಲಿಂದ ಬರಬೇಕು?

ಹಾಗಂತ ಮೂಳೆಗೂ ಮೆದುಳಿಗೂ ಸಂಬಂಧವೇ ಇಲ್ಲ ಅಂತಲ್ಲ. ನನಗೆ ಬಹಳ ಇಷ್ಟವಾದ ಸುದ್ದಿ 2024ರದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫ್ರಾನ್ಸಿಸ್ಕೊ ಕ್ಯಾಂಪಸ್ಸಿನ ಹೋಲಿ ಇಂಗ್ರಾಹಾಂ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಮೊಲೆ ಹಾಲೂಡುವ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಹಾಲಿಗೆ ಹೋಗುತ್ತದೆ, ಆ ಹೊತ್ತಿನಲ್ಲಿ ಈಸ್ಟ್ರೋಜನ್ ಕೂಡ ಕಮ್ಮಿ ಇರುತ್ತದೆ. ಆದರೂ ಅವಳ ಮೂಳೆ ಪೂರ್ತಿ ಟೊಳ್ಳಾಗುವುದಿಲ್ಲ. ಯಾಕೆ? ಮರಿಗೆ ಹಾಲೂಡುವ ಇಲಿಯ ಮೆದುಳಿನ ಬುಡದಿಂದ ಸಿಸಿಎನ್3 ಎಂಬ ಹಾರ್ಮೋನು ಹೊರಟು ಮೂಳೆ ಕಟ್ಟುವ ಕೆಲಸ ಮಾಡಿಸುತ್ತದೆ ಅಂತ ಅವರು ಕಂಡುಕೊಂಡರು. ಬಾಣಂತಿಗೆ ಯಾಕೆ ಅಷ್ಟು ಆರೈಕೆ ಅಂತ ಕೇಳುವ ಗಂಡಸರಿಗೆ ಇದನ್ನು ಓದಿ ಹೇಳಬೇಕು. ಆದರೆ ಅದು ಇಲಿಯಲ್ಲಿ. ನ್ಯೂಯಾರ್ಕಿನ ವಿಜ್ಞಾನಿ ಜೆರಾರ್ಡ್ ಕಾರ್ಸೆಂಟಿ ಅವರು ತಿರುಗಾ ದಾರಿಯದ್ದನ್ನು ಹೇಳಿದರು: ಮೂಳೆಯಿಂದ ಹೊರಡುವ ಆಸ್ಟಿಯೋಕ್ಯಾಲ್ಸಿನ್ ಎಂಬ ಹಾರ್ಮೋನು ಮೆದುಳಿಗೆ ಹೋಗಿ ನೆನಪಿಗೆ ನೆರವಾಗುತ್ತದೆ ಅಂತ, 2013ರಲ್ಲಿ. ಅದೂ ಇಲಿಯಲ್ಲೇ. ಅದೇ ಆಸ್ಟಿಯೋಕ್ಯಾಲ್ಸಿನ್ ರಕ್ತದ ಸಕ್ಕರೆಯನ್ನೂ ಹತೋಟಿಯಲ್ಲಿಡುತ್ತದೆ ಎಂದು ಅವರು ಮೊದಲೇ ಹೇಳಿದ್ದರು. 2020ರಲ್ಲಿ ಬೇರೆ ಎರಡು ತಂಡಗಳು ತಮ್ಮ ಇಲಿಗಳಲ್ಲಿ ನೋಡಿದರೆ ಆ ಸಕ್ಕರೆಯ ಪ್ರಭಾವ ಸಿಗಲಿಲ್ಲ. ವಿಜ್ಞಾನದಲ್ಲಿ ಇಂಥ ಜಗಳ ಇದ್ದದ್ದೇ, ಇರಬೇಕಾದದ್ದೇ. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಮೊದಲ ಸುದ್ದಿ ಬರುತ್ತದೆ, ಜಗಳದ ಸುದ್ದಿ ಬರುವುದಿಲ್ಲ. ಇಲಿಯ ಮೇಲೆ ಮಾಡಿದ ಪ್ರಯೋಗವಾದರೆ ತಲೆಬರಹದಲ್ಲೇ ‘ಇಲಿಗಳಲ್ಲಿ’ ಅಂತ ಹಾಕಿ ಸ್ವಾಮಿ. ಒಂದೇ ಪದ, ಜಾಗ ಜಾಸ್ತಿ ಹಿಡಿಯುವುದಿಲ್ಲ.

ಈಗ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಕಾಣುವ ನಂಟಿನ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ.

ಹೋದ ವರ್ಷ ಒಬ್ಬ ಹೆಣ್ಣುಮಗಳು ತನ್ನ ಅತ್ತೆಯ ಮಾತ್ರೆ ಒಯ್ಯಲು ಬಂದಳು. ಅತ್ತೆಗೆ ಎಪ್ಪತ್ತರ ಮೇಲೆ ವಯಸ್ಸು. ಬಚ್ಚಲಲ್ಲಿ ಜಾರಿ ಮುಂಗೈ ಮುರಿದಿತ್ತು. ಮೂಳೆ ಸವೆತಕ್ಕೆ ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ 70 ಮಿಲಿಗ್ರಾಂ, ನಾಲ್ಕು ಮಾತ್ರೆಯ ಸ್ಟ್ರಿಪ್. ಅಂದರೆ ಒಂದು ತಿಂಗಳಿಗೆ.

“ಹೋದ ವಾರ ತಾನೇ ಒಯ್ದೆಯಲ್ಲಮ್ಮಾ?” ಅಂದೆ.

“ಖಾಲಿ ಆಗಿದೆ ಅಕ್ಕಾ. ಸ್ಟ್ರಿಪ್ಪು ಅವರ ದಿಂಬಿನ ಕೆಳಗಿತ್ತು.”

ಕೇಳುತ್ತಾ ಹೋದಂತೆ ಗೊತ್ತಾಯಿತು. ಅತ್ತೆಗೆ ತಗೊಂಡ ನೆನಪಿಲ್ಲ, ಮತ್ತೆ ತಗೊಂಡಿದ್ದಾರೆ. ಈ ಮಾತ್ರೆಯ ರೀತಿಯೇ ಬೇರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನಲ್ಲಿ ನುಂಗಬೇಕು. ಕಾಫಿ, ಹಾಲು ಕೂಡದು. ನುಂಗಿದ ಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಕೂತಿರಬೇಕು ಇಲ್ಲ ಓಡಾಡಬೇಕು. ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಆ ಅಜ್ಜಿ ನುಂಗಿ ಮತ್ತೆ ಹೊದ್ದು ಮಲಗುತ್ತಿದ್ದರಂತೆ. “ಎದೆ ಉರಿ ಅಂತಾರೆ, ಗ್ಯಾಸ್ ಮಾತ್ರೆ ಕೊಟ್ಟಿದ್ದೀವಿ” ಅಂದಳು ಸೊಸೆ.

ಅವಳ ಚೀಲದಲ್ಲಿ ಇನ್ನೊಂದು ಪ್ಲಾಸ್ಟಿಕ್ ಕವರ್ ಇತ್ತು. ಅದರಲ್ಲಿ ಮರೆವಿಗೆ ಬೇರೊಬ್ಬ ಡಾಕ್ಟರು ಬರೆದ ಚೀಟಿ: ರಾತ್ರಿ ಡೊನೆಪೆಜಿಲ್, ನಿದ್ದೆಗೆ ಕ್ಲೊನಾಜೆಪಾಮ್. ಎರಡೂ ಚೀಟಿಯನ್ನು ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಮೂಳೆಯ ಚೀಟಿಯಲ್ಲಿ ಮರೆವಿನ ಸುದ್ದಿ ಇಲ್ಲ. ಮರೆವಿನ ಚೀಟಿಯಲ್ಲಿ ಕೈ ಮುರಿದ ಸುದ್ದಿ ಇಲ್ಲ. ನಿದ್ದೆ ಮಾತ್ರೆ ತಗೊಂಡ ವಯಸ್ಸಾದವರು ರಾತ್ರಿ ಮೂತ್ರಕ್ಕೆ ಎದ್ದರೆ ತೂರಾಡುತ್ತಾರೆ. ಡೊನೆಪೆಜಿಲ್ ಕೆಲವರಿಗೆ ನಾಡಿ ನಿಧಾನ ಮಾಡಿ ತಲೆ ಸುತ್ತಿಸುತ್ತದೆ. ಬೀಳುವುದಕ್ಕೆ ಬೇಕಾದ್ದೆಲ್ಲ ಒಂದು ಕವರಿನಲ್ಲಿ, ಬಿದ್ದು ಮುರಿದದ್ದಕ್ಕೆ ಔಷಧಿ ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ಮೊದಲು ನೋಡಿದವಳು ಅಂಗಡಿಯವಳು.

ಆ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಮೂಳೆ ಡಾಕ್ಟರಿಗೆ ಫೋನ್ ಮಾಡಿದೆ. ಪಾಪ, ಒಳ್ಳೆಯವರು. ವಾರದ ಮಾತ್ರೆ ನಿಲ್ಲಿಸಿ, ಕಿಡ್ನಿ ಪರೀಕ್ಷೆ ಮಾಡಿಸಿ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೊನಿಕ್ ಆಸಿಡ್‌ಗೆ ಬದಲಾಯಿಸಿದರು. ಅದಕ್ಕೆ ಅಜ್ಜಿಯ ನೆನಪು ಬೇಕಿಲ್ಲ. ಒಂದು ಫೋನಿನಲ್ಲಿ ಆಗುವ ಕೆಲಸ ಅಷ್ಟು ದಿನ ಆಗಿರಲಿಲ್ಲ, ಯಾಕಂದರೆ ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಇಂಥವು ಇನ್ನೂ ಇವೆ. ವಿಟಮಿನ್ ಡಿ ಸ್ಯಾಚೆ ಸಾಮಾನ್ಯವಾಗಿ ವಾರಕ್ಕೊಂದು ಅಂತ ಬರೆಯುತ್ತಾರೆ. ಅದನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ಕುಡಿಯುವವರನ್ನು ಕಂಡಿದ್ದೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಬಾಯಾರಿಕೆ, ಮಲಬದ್ಧತೆ, ವಾಂತಿ, ಕೊನೆಗೆ ಮಂಕು. ಮನೆಯವರು ‘ವಯಸ್ಸಾಯ್ತು, ಅರಳುಮರಳು’ ಅಂದುಕೊಳ್ಳುತ್ತಾರೆ. ಮೂಳೆಗೆ ಕುಡಿದದ್ದು ತಲೆಗೆ ಏರಿತು ನೋಡಿ! ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇದಕ್ಕೆ ಉಲ್ಟಾ. ಮೆದುಳಿಗೆ ಬೇಕಾದ ಮಾತ್ರೆ, ಬಿಡುವ ಹಾಗೇ ಇಲ್ಲ. ಆದರೆ ವರ್ಷಗಟ್ಟಲೆ ನುಂಗಿದರೆ ಮೈಯಲ್ಲಿನ ವಿಟಮಿನ್ ಡಿ ಬೇಗ ಖರ್ಚಾಗಿ ಮೂಳೆ ತೆಳ್ಳಗಾಗಬಹುದು. ಹದಿನೆಂಟಕ್ಕೆ ಶುರು ಮಾಡಿ ನಲವತ್ತಾದರೂ ಒಮ್ಮೆಯೂ ಮೂಳೆ ನೋಡಿಸದವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ಥೈರಾಯ್ಡ್ ಮಾತ್ರೆ ಡೋಸು ಕಮ್ಮಿಯಾದರೆ ಮಂಕು, ಜಾಸ್ತಿಯಾದರೆ ಮೂಳೆ ಸವೆತ. ಆರು ತಿಂಗಳಿಗೊಂದು ಹಾಕುವ ಡೆನೊಸುಮ್ಯಾಬ್ ಇಂಜೆಕ್ಷನ್ನಿನದು ಇನ್ನೂ ಸೂಕ್ಷ್ಮ. ತಾರೀಖು ಮರೆತು ಬಿಟ್ಟರೆ ತಡೆದಿದ್ದ ಸವೆತ ಜೋರಾಗಿ ತಿರುಗಿ ಬಂದು, ಬೆನ್ನುಮೂಳೆಯ ಒಂದೊಂದೇ ಮಣಿ ಕುಸಿಯಬಹುದು. ಮರೆವಿನ ಕಾಯಿಲೆ ಇದ್ದವರಿಗೆ ಅದನ್ನು ಬರೆದರೆ ತಾರೀಖನ್ನು ಇನ್ನೊಬ್ಬರು ನೆನಪಿಡಬೇಕು ಅಂತಲೂ ಬರೆಯಬೇಕು.

ಕಲ್ಯಾಣ ಮಂಟಪಗಳಲ್ಲಿ ನಡೆಯುವ ಉಚಿತ ಮೂಳೆ ತಪಾಸಣೆ ಕ್ಯಾಂಪಿನ ಬಗ್ಗೆಯೂ ಒಂದು ಮಾತು. ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿಟ್ಟು ಒಂದು ಚೀಟಿ ಕೊಡುತ್ತಾರೆ. ಮೈನಸ್ 2.5 ಅಂತ ಇದ್ದರೆ ಹೆಂಗಸರು ಬಿಳಿಚಿಕೊಂಡು ಬರುತ್ತಾರೆ. ಅಷ್ಟು ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಮೂಳೆ ಸವೆತದ ಕಾಯಿಲೆ ಅನ್ನುವ ಆ ಮೈನಸ್ 2.5ರ ಗೆರೆ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ್ದು. ಅದನ್ನು ಹೋಲಿಸಬೇಕಾದ್ದು ಸೊಂಟ, ಬೆನ್ನಿನ ಡೆಕ್ಸಾ ಅಳತೆಗೆ. ಹಿಮ್ಮಡಿ ಯಂತ್ರದ ಚೀಟಿ ಹಿಡಿದು ಕಾಯಿಲೆ ಅಂತ ತೀರ್ಮಾನ ಮಾಡಲಾಗದು. ಡಾಕ್ಟರಿಗೆ ತೋರಿಸಲು ಒಂದು ನೆಪ, ಅಷ್ಟೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕಾ-ಭಿ ಎಂಬ ಹೆಸರಿನ ಮೆದುಳು ಆರೋಗ್ಯ ಯೋಜನೆ ಮಾಡಿವೆ. 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಪ್ರಯೋಗವಾಗಿ ಶುರುವಾಗಿ, ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಬ್ರೈನ್ ಹೆಲ್ತ್ ಕ್ಲಿನಿಕ್ ಬಂದವು. ಬಹಳ ಒಳ್ಳೆಯ ಕೆಲಸ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರ ಒಂದು ಅಂದಾಜು. ಇಂಥ ಕ್ಲಿನಿಕ್ಕಿಗೆ ಬಂದವರನ್ನು ‘ಈಚೆಗೆ ಬಿದ್ದಿದ್ದೀರಾ? ಮೂಳೆ ಮುರಿದಿತ್ತಾ? ಬೇರೆ ಡಾಕ್ಟರು ಬರೆದ ಮಾತ್ರೆ ಎಲ್ಲಿ, ತೋರಿಸಿ’ ಅಂತ ಕೇಳುವುದು ಎಲ್ಲ ಕಡೆ ಕಡ್ಡಾಯವಾಗಲಿ. ಹಾಗೆಯೇ ಸೊಂಟ ಮುರಿದು ಮೂಳೆ ವಾರ್ಡಿಗೆ ಬಂದವರ ಮನೆಯವರನ್ನು ನೆನಪಿನ ಬಗ್ಗೆ ಕೇಳಲಿ. ಆಪರೇಷನ್ ಆದ ಮೇಲೆ ವಯಸ್ಸಾದವರು ಎರಡು ದಿನ ಏನೇನೋ ಬಡಬಡಿಸುವುದುಂಟು. ಮೊದಲೇ ಮರೆವಿದ್ದವರಿಗೆ ಆ ಅಪಾಯ ಹೆಚ್ಚು. ತಿಪಟೂರಿನಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ವಯಸ್ಸಾದವರನ್ನು ಬಸ್ಸಿನಲ್ಲಿ ಎರಡೆರಡು ಸಲ ಕರೆದೊಯ್ಯುವ ಕಷ್ಟ ಬಲ್ಲವರೇ ಬಲ್ಲರು. ಒಂದೇ ದಿನ ಎರಡೂ ಕಡೆ ತೋರಿಸುವಂತಾದರೆ ಇನ್ನೂ ಒಳ್ಳೆಯದು.

ನಿಮಗೂ ಒಂದು ಕೆಲಸ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಜನರನ್ನು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಅವರದು. ಮುದ್ದೆ ಉಣ್ಣುವ, ಬಿಸಿಲಲ್ಲಿ ದುಡಿಯುವ ನಮ್ಮದೇ ಜನ. ರಾಟರ್‌ಡ್ಯಾಮಿನ ಸುದ್ದಿ ಮುಟ್ಟಿಸುವ ನೀವು ಒಬ್ಬ ವರದಿಗಾರರನ್ನು ಅಲ್ಲಿಗೂ ಕಳಿಸಬಾರದೇ? ಬಸ್ ಚಾರ್ಜು ಕಮ್ಮಿ.

ಓದುಗರಿಗೆ: ಮುಂದಿನ ಸಲ ಯಾವ ಡಾಕ್ಟರ ಬಳಿ ಹೋದರೂ ಎರಡೂ ಕವರು ಒಂದೇ ಚೀಲಕ್ಕೆ ಹಾಕಿಕೊಳ್ಳಿ. ದಿಂಬಿನ ಕೆಳಗಿನ ಸ್ಟ್ರಿಪ್ಪು, ಫ್ರಿಜ್ಜಿನ ಮೇಲಿನ ಡಬ್ಬಿ, ನಾಟಿ ವೈದ್ಯರ ಪುಡಿ, ಎಲ್ಲವೂ ಇರಲಿ. ನಮ್ಮಂಥ ಅಂಗಡಿಗೆ ತಂದರೂ ನೋಡಿ ಹೇಳುತ್ತೇವೆ, ಆದರೆ ಸಂಜೆ ರಶ್ಶಿನಲ್ಲಿ ಬೇಡ. ಮಧ್ಯಾಹ್ನ ಮೂರರ ಮೇಲೆ ಬನ್ನಿ.

ಇತಿ,
ಔಷಧಿ ಅಂಗಡಿಯವಳು, ತಿಪಟೂರು