ಮುಖ್ಯಮಂತ್ರಿಗಳೇ, ನಮ್ಮ ಹಾಡಿಗೆ ನಮ್ಮನ್ನು ಹೋಗಲು ಬಿಡಿ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರ.

ಒಂದು ಇಲಾಖೆಯವರನ್ನು ಕೇಳಿದರೆ ಇನ್ನೊಂದು ಇಲಾಖೆಗೆ ಹೋಗಿ ಅನ್ನುತ್ತಾರೆ. ಅಲ್ಲಿಗೆ ಹೋದರೆ ಮೊದಲು ಅವರು ಒಪ್ಪಬೇಕಲ್ಲ ಅನ್ನುತ್ತಾರೆ. ಎರಡೂ ನಿಮ್ಮ ಕೈಕೆಳಗೇ ಇವೆ, ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನಾಗರಹೊಳೆ ಕಾಡಿನೊಳಗಿನ ನಮ್ಮ ಹಾಡಿಗೆ, ಅಂದರೆ ನಮ್ಮ ಆದಿವಾಸಿ ಊರಿಗೆ, ನಮ್ಮನ್ನು ವಾಪಸ್ ಹೋಗಲು ಬಿಡಿ.

ನಾನು ಜೇನುಕುರುಬ, ಕಾಡಿನ ಆದಿವಾಸಿ. ಹುಟ್ಟಿದ್ದು ಮಾತ್ರ ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂತು, ಆಮೇಲೆ ರಾಷ್ಟ್ರೀಯ ಉದ್ಯಾನ ಅಂದರು, ನಮ್ಮವರನ್ನು ಕಾಡಿನಿಂದ ಎಬ್ಬಿಸಿದರು. ನಮ್ಮ ಮನೆಗೆ ಪರಿಹಾರವೂ ಬರಲಿಲ್ಲ, ಬದಲಿ ಜಮೀನೂ ಬರಲಿಲ್ಲ. ಲೈನ್ ಮನೆ ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು. ಕೆಲಸ ಬಿಟ್ಟ ದಿನವೇ ಮನೆಯನ್ನೂ ಬಿಡಬೇಕು, ಸಾಹುಕಾರರ ಹತ್ತಿರ ತೆಗೆದುಕೊಂಡ ಸಾಲ ತೀರುವ ತನಕ ಕೆಲಸವನ್ನೂ ಬಿಡುವ ಹಾಗಿಲ್ಲ. ವಿಳಾಸ ಕೇಳಿದರೆ ತೋಟದ ಹೆಸರು ಹೇಳಬೇಕು. ಯಾರಾದರೂ ಸತ್ತರೆ ಎಲ್ಲಿ ಹೂಳೋಣ ಅಂತಲೂ ಸಾಹುಕಾರರನ್ನೇ ಕೇಳಬೇಕು. ನಮ್ಮಪ್ಪ ಹೀಗೇ ಬದುಕಿದರು, ಹೀಗೇ ಹೋದರು.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ನಿಮಗೆ ಓದಿ ಹೇಳುವ ಅಗತ್ಯ ಇಲ್ಲ. ಸೆಕ್ಷನ್ 3(1)(ಎಂ) ಗೊತ್ತೇ ಇರುತ್ತೆ. 2005ರ ಡಿಸೆಂಬರ್ 13ಕ್ಕಿಂತ ಮೊದಲು ಪುನರ್ವಸತಿ ಕೊಡದೆ ಅಕ್ರಮವಾಗಿ ಎಬ್ಬಿಸಿದವರಿಗೆ ಇದ್ದ ಜಾಗದಲ್ಲೇ ಪುನರ್ವಸತಿಯ ಹಕ್ಕಿದೆ. ನಾವು ಅದನ್ನೇ ನಂಬಿ ಅರ್ಜಿ ಹಾಕಿದೆವು.

ಅಧಿಕಾರಿಗಳು ಜಾಗ ನೋಡಲು ಬಂದ ದಿನ ನಮ್ಮಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು. ಮಂಡಿ ನೋವು, ಆದರೂ ಲಂಟಾನ ಪೊದೆ ಸರಿಸಿಕೊಂಡು ಎಲ್ಲರಿಗಿಂತ ಮುಂದೆ ನಡೆದರು. ಒಲೆಯ ಮೂರು ಕಲ್ಲು ತೋರಿಸಿದರು. ಮಡಕೆ ಚೂರು ಹೆಕ್ಕಿ ಒರೆಸಿ ಅಧಿಕಾರಿಯ ಕೈಗೇ ಕೊಟ್ಟರು. ಗಂಡನನ್ನು ಹೂತ ಜಾಗ, ದೇವರ ಕಲ್ಲು, ನೀರು ತರುತ್ತಿದ್ದ ಹಳ್ಳ, ಎಲ್ಲ ತೋರಿಸಿದರು. ಆ ಅಧಿಕಾರಿ ಚೂರನ್ನು ಪಕ್ಕಕ್ಕೆ ಎಸೆದು, "ಕಾಡಲ್ಲಿ ಕಲ್ಲು ಎಲ್ಲಾ ಕಡೆ ಇರುತ್ತಲ್ಲಮ್ಮ, ಮನೆ ಎಲ್ಲಿ?" ಅಂದರು. ಅಜ್ಜಿ, "ಆನೆ ತಂದು ನೀವೇ ಕೆಡವಿಸಿದಿರಲ್ಲ ಸ್ವಾಮಿ" ಅಂದರು. ಅವರು ನಕ್ಕರು. ಬರೆದುಕೊಳ್ಳಲಿಲ್ಲ.

ಆಮೇಲೆ ಕಾಗದ ಬಂತು. ಉಪಗ್ರಹ ಚಿತ್ರದಲ್ಲಿ ಮನೆ ಕಾಣುವುದಿಲ್ಲವಂತೆ, ಅರ್ಜಿ ತಿರಸ್ಕೃತವಂತೆ. ಮೇಲ್ಮನವಿಗೆ 60 ದಿನ ಇರುತ್ತೆ ಅಲ್ವಾ, ಕಾಗದ ನಮ್ಮ ಕೈಗೆ ಸಿಕ್ಕುವಷ್ಟರಲ್ಲಿ ಅದೂ ಮುಗಿದಿತ್ತು.

ಮನೆ ಕೆಡವಿದವರೇ ಬಂದು ಮನೆ ಎಲ್ಲಿ ಅಂತ ಕೇಳುವುದು ಯಾವ ಸೀಮೆಯ ನ್ಯಾಯ ಸ್ವಾಮಿ? ಮೇಲಿನಿಂದ ಫೋಟೊ ತೆಗೆದರೆ ಮರದ ತಲೆ ಕಾಣುತ್ತೆ, ಕೆಳಗಿನ ಗುಡಿಸಲು ಕಾಣುತ್ತಾ? ಹಿರಿಯರ ಹೇಳಿಕೆ, ಸಮಾಧಿ, ದೇವರ ಜಾಗ, ಇವೆಲ್ಲ ಸಾಕ್ಷಿ ಅಂತ ಅರಣ್ಯ ಹಕ್ಕು ನಿಯಮದಲ್ಲೇ ಇದೆ. ಉಪಗ್ರಹ ಚಿತ್ರ ಬೇರೆ ಸಾಕ್ಷಿಗೆ ಬರೀ ಬೆಂಬಲ, ಅದರ ಬದಲಿಗೆ ಅಲ್ಲ ಅಂತ ಆ ನಿಯಮದ 2012ರ ತಿದ್ದುಪಡಿ ಹೇಳುತ್ತೆ. ಅಧಿಕಾರಿಗಳಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಸುಮ್ನೆ ಗೊತ್ತಿಲ್ಲದ ಹಾಗೆ ಇರುತ್ತಾರೆ.

ದಸರಾ ಬಂದರೆ ನಾವು ಬೇಕು. ಅಂಬಾರಿ ಮೆರವಣಿಗೆಯ ಆನೆಗಳ ಮಾವುತರಲ್ಲಿ, ಕಾವಾಡಿಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ನೋಡಿ. ಅರಮನೆ ಅಂಗಳದಲ್ಲಿ ಬಾಳೆಎಲೆ ಹಾಕಿ ಊಟ ಬಡಿಸುತ್ತೀರಿ, ಫೋಟೊ ತೆಗೆಸಿಕೊಳ್ಳುತ್ತೀರಿ. ಕಾಡಿನಲ್ಲಿ ಮನೆ ಬೇಕು ಅಂದ ಕೂಡಲೇ ನಾವು ಅತಿಕ್ರಮಣದಾರರು! ಹುಲಿಗೆ ತೊಂದರೆ ಅನ್ನುತ್ತೀರಿ. ವರ್ಷಗಟ್ಟಲೆ ಸಫಾರಿ ಗಾಡಿ ಓಡಿಸಿದಿರಿ, ಅದರಿಂದ ಹುಲಿಗೆ ಖುಷಿಯಾಯಿತಾ? 1990ರ ದಶಕದಲ್ಲಿ ಇದೇ ಕಾಡೊಳಗೆ ಹೋಟೆಲ್ ಮಾಡಲು ಸರ್ಕಾರವೇ ಜಾಗ ಕೊಟ್ಟಿತ್ತಲ್ಲ, ಆದಿವಾಸಿಗಳು ಹೋರಾಡಿ ಹೈಕೋರ್ಟಿಗೆ ಹೋಗಬೇಕಾಯಿತು ಅದನ್ನು ನಿಲ್ಲಿಸಲು.

2025ರ ಮೇ ತಿಂಗಳಲ್ಲಿ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ನಮ್ಮ ಜನ ತಾವೇ ವಾಪಸ್ ಹೋದರು. ಕೂಡಲೇ ಅರಣ್ಯ ಸಿಬ್ಬಂದಿ, ಪೊಲೀಸರು ಬಂದು ನಿಂತರು. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಅನ್ನುವ ಸೆಕ್ಷನ್ 4(5) ಅವತ್ತು ಯಾರಿಗೂ ನೆನಪಾಗಲಿಲ್ಲವೇನೋ.

ನಮಗೆ ಕಾಲನಿ ಮನೆ ಬೇಡ, ಪ್ಯಾಕೇಜ್ ಬೇಡ, ಇನ್ನೊಂದು ಸಮಿತಿ ಅಂತೂ ಬೇಡವೇ ಬೇಡ. ತಿರಸ್ಕರಿಸಿದ ಅರ್ಜಿಗಳನ್ನು ಮತ್ತೆ ತೆಗೆಸಿ. ಅಧಿಕಾರಿಗಳು ಗ್ರಾಮಸಭೆಯ ಎದುರು ಕೂತು ನಮ್ಮ ಹಿರಿಯರು ಹೇಳುವುದನ್ನು ಬರೆದುಕೊಳ್ಳಲಿ. ಅಜ್ಜಿಗೆ ಜಾಸ್ತಿ ಕಾಲ ಇಲ್ಲ, ಅವರು ಇರುವಾಗಲೇ ನಮ್ಮನ್ನು ನಮ್ಮ ಹಾಡಿಗೆ ಹೋಗಲು ಬಿಡಿ.

ಇನ್ನೊಂದು ಮಾತು. ಈ ಪತ್ರದ ಮೇಲೆ 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ' ಅಂತ ಷರಾ ಬರೆದು ಅದೇ ಕಚೇರಿಗೆ ಕಳಿಸಬೇಡಿ. ಅಲ್ಲಿಂದ ಏನು ಉತ್ತರ ಬರುತ್ತೆ ಅಂತ ನಮಗೆ ಈಗಲೇ ಗೊತ್ತು.

ಇಂತಿ,
ಲೈನ್ ಮನೆಯ ಒಬ್ಬ ಜೇನುಕುರುಬ